ಸಂಧಾನಕ್ಕೆ ಬರೀ ಮಾತು ಸಾಲದು

ಸಂಘರ್ಷ ಪರಿಹಾರ ಕಲಿಯುವವರಿಗೆ ಸಂಧಾನದ ಜಾಣ್ಮೆ ಸಾಕು, ಸಂಶೋಧನೆ ಮತ್ತು ಬರವಣಿಗೆಯ ಪಾಠ ಹೊರೆ ಎಂದು ಕಳೆದ ಸಂಚಿಕೆಯ ಲೇಖಕರು ವಾದಿಸಿದ್ದಾರೆ. ಇದನ್ನು ಖಂಡಿತ ಒಪ್ಪಲಾರೆ.

ಕರ್ನಾಟಕ ಮತ್ತು ತಮಿಳುನಾಡಿನ ನಡುವಿನ ಕಾವೇರಿ ನೀರಿನ ವಿವಾದವನ್ನೇ ನೋಡಿ. ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾರ್ಪಡಿಸಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿ ಹೆಚ್ಚಿಸಿತು. ಅದರಲ್ಲಿ 10 ಟಿಎಂಸಿ ಬಂದದ್ದು ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದಿದ್ದರಿಂದ, ಉಳಿದ 4.75 ಬೆಂಗಳೂರಿನ ಕುಡಿಯುವ ನೀರಿಗೆ. ದಾಖಲೆ ಹುಡುಕಿ, ಅಂಕಿ ತಾಳೆ ನೋಡಿ, ವಾದವನ್ನು ಬರಹಕ್ಕೆ ಇಳಿಸುವವರಿಲ್ಲದೆ ಇಂಥ ಲೆಕ್ಕ ಕೋರ್ಟಿನ ಮುಂದೆ ನಿಲ್ಲುವುದುಂಟೇ?

ಮುಖಾಮುಖಿ ಮಾತುಕತೆಗೆ ಬೆಲೆಯಿದೆ, ನಿಜ. 2003ರಲ್ಲಿ ‘ಕಾವೇರಿ ಕುಟುಂಬ’ದ ಹೆಸರಿನಲ್ಲಿ ಎರಡೂ ರಾಜ್ಯಗಳ ರೈತರು ಒಟ್ಟಿಗೆ ಕೂತರು, ಆ ದಿನಗಳ ಕಾವು ನೆನೆದರೆ ಅದು ಸಣ್ಣ ಸಾಧನೆಯಲ್ಲ. ಆದರೆ ಅವರನ್ನು ಕೂಡಿಸಲು ಮುಂದಾದದ್ದು ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆ, ಅಂದರೆ ಸಂಶೋಧಕರೇ.

ಬರವಣಿಗೆಯ ಮಾತೂ ಅಷ್ಟೇ. ‘ರೈತರು ರೊಚ್ಚಿಗೆದ್ದಿದ್ದಾರೆ’ ಎಂಬ ವರದಿಗೆ ಎದುರು ಪಕ್ಷ ಕಿವಿಗೊಡುವುದಿಲ್ಲ. ಯಾವ ನಾಲೆಯ ಕೊನೆ ಭಾಗಕ್ಕೆ ನೀರು ಯಾವ ದಿನ ನಿಂತಿತು, ಭತ್ತದ ಒಟ್ಲು ಯಾವಾಗ ಒಣಗಿತು, ಹಾಗೆಂದು ಹೇಳಿದವರು ಯಾರು ಎಂದು ಬರೆದರೆ ಕಿವಿಗೊಡಲೇಬೇಕಾಗುತ್ತದೆ. ಈ ಪಾಠವನ್ನು ಮೊದಲ ಸೆಮಿಸ್ಟರ್‌ನಿಂದಲೇ ಕಲಿಸಲಿ, ಇಲ್ಲಿ ಕನ್ನಡದಲ್ಲಿ, ಅಲ್ಲಿ ತಮಿಳಿನಲ್ಲಿ.