ಪ್ರವಾಸವೋ, ತಲೆ ಎಣಿಕೆಯೋ?

ಗ್ರೀಸಿನಲ್ಲಿ ಒಂದೇ ದಿನ ಹಡಗಿನಲ್ಲಿ ಸುತ್ತಿ ಈಜಿನಾ, ಪೋರೋಸ್, ಹೈಡ್ರಾ ದ್ವೀಪಗಳನ್ನು ‘ಮುಗಿಸಿದೆ’ ಎಂದು ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಹೇಳಿದ. ನಗಲಾಗಲಿಲ್ಲ, ಆ ಪಾಠ ಕಲಿಸಿದವನು ನಾನೇ.

ಪುತ್ತೂರು, ಸುಳ್ಯ, ಕಡಬದ ಮಕ್ಕಳನ್ನು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಕರೆದೊಯ್ದಾಗ ಉಡುಪಿ, ಕಾರ್ಕಳಗಳೂ ಅದೇ ದಿನ ಮುಗಿಯಬೇಕಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಬಂದನೆಂಬ ಪ್ರತೀತಿಯನ್ನು ಒಪ್ಪಿಸಿ, ತಲೆ ಎಣಿಸಿ ಹಿಂದಿರುಗಿದೆ. ಕಾಲಡಿಯ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ, ಲಾವಾ ತಣಿದು ಬಿರಿದು ಮೂಡಿದವೆಂದು ಹೇಳಲೇ ಇಲ್ಲ.

ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳೇ, ಸ್ಥಳಗಳ ಪಟ್ಟಿಯನ್ನು ಹರಿದೆಸೆಯಿರಿ. ದಿನಕ್ಕೆ ಒಂದೇ ದ್ವೀಪ ಸಾಕು; ಮಗು ಒಂದು ಕಲ್ಲಿನ ಮುಂದೆ ಕುಳಿತು ಪ್ರಶ್ನೆ ಕೇಳಲಿ. ಅದಿಲ್ಲದ ಪ್ರವಾಸ ಶಿಕ್ಷಣವಲ್ಲ, ಬರಿಯ ಸಾಗಾಟ.