ಹುಚ್ಚುನಾಯಿಯ ಭಯವೂ ನಮ್ಮ ಹೊಣೆಯೂ

ನಂಬಿಕೆಯ ಮಾತು ಬಂದಾಗ ಎಲ್ಲರೂ ನಾಯಿಯನ್ನು ಹೊಗಳುತ್ತಾರೆ. ಸಿಟ್ಟು ಬಂದಾಗ ಬೈಯುವುದಕ್ಕೂ ಅದರ ಹೆಸರನ್ನೇ ಹಿಡಿಯುತ್ತಾರೆ. ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಕಥೆಗೆ ತಲೆದೂಗುವವರು ಎಷ್ಟೋ ಮಂದಿ. ಆದರೆ ಅಂಗಳದಲ್ಲಿ ಮಲಗುವ ನಾಯಿಗೆ ವರ್ಷಕ್ಕೊಂದು ಚುಚ್ಚುಮದ್ದು ಹಾಕಿಸಿರಿ ಎಂದರೆ, "ಅದು ನಮ್ಮದಲ್ಲ, ಸುಮ್ಮನೆ ಬಂದು ಸೇರಿಕೊಂಡದ್ದು" ಎಂಬ ಉತ್ತರ ಬರುತ್ತದೆ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದಾಗ ಬೊಗಳಲು ಅದು ನಮ್ಮದು. ಮದ್ದಿನ ದಿನ ಯಾರದೂ ಅಲ್ಲ. ಇದು ನ್ಯಾಯವೇ ಎಂದು ನಾವು ಕೇಳಬೇಕಾಗಿದೆ.

ಹುಚ್ಚುನಾಯಿ ರೋಗವೆಂದರೆ ಸಣ್ಣ ಮಾತಲ್ಲ. ರೋಗಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುವುದು ಇಲ್ಲವೆಂದೇ ಹೇಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂದು ಅಂದಾಜು. ಅದರಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ನಮ್ಮ ದೇಶದ್ದು. ನೂರಕ್ಕೆ ತೊಂಬತ್ತೊಂಬತ್ತು ಸಲ ಮನುಷ್ಯನಿಗೆ ಈ ರೋಗ ಬರುವುದು ನಾಯಿಯಿಂದಲೇ. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳೇ ಬಹಳ. ಆದುದರಿಂದ ಇದು ದೊಡ್ಡವರ ಜಗಲಿಯ ಚರ್ಚೆ ಮಾತ್ರವಲ್ಲ, ಶಾಲೆಯ ವಿಷಯವೂ ಹೌದು.

ಇದಕ್ಕೆ ಉಪಾಯವಿಲ್ಲವೆಂದಲ್ಲ. 1885ರ ಜುಲೈ 6ರಂದು ಲೂಯಿ ಪಾಶ್ಚರರು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿ ಲಸಿಕೆ ಕೊಡಿಸಿ ಉಳಿಸಿದರು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅವರ ಹೆಸರಿನ ಸಂಸ್ಥೆಯೇ ಸ್ಥಾಪನೆಯಾಯಿತು. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚು ಎಂದು ಅಜ್ಜಂದಿರು ಹೆದರಿಸುತ್ತಿದ್ದ ಆ ಹಳೆಯ ಮದ್ದು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿತು. ಈಗ ತೋಳಿಗೆ ಕೆಲವೇ ಚುಚ್ಚು; ಸರಕಾರಿ ಆಸ್ಪತ್ರೆಗಳಲ್ಲಿ ಅದು ದೊರೆಯುತ್ತದೆ.

ಆದರೆ ಕಚ್ಚಿದ ಮೇಲೆ ಮನುಷ್ಯನಿಗೆ ಹಾಕುವ ಮದ್ದಿಗಿಂತ, ಕಚ್ಚುವ ಮೊದಲೇ ನಾಯಿಗೆ ಹಾಕುವ ಮದ್ದು ಊರನ್ನು ಹೆಚ್ಚು ಕಾಯುತ್ತದೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ರೋಗಕ್ಕೆ ದಾಟಿಹೋಗಲು ದಾರಿ ಸಿಕ್ಕುವುದಿಲ್ಲ. ಇದು ಪುಸ್ತಕದ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ಗೋವೆಯಲ್ಲಿ 2013ರಿಂದ ಮನೆನಾಯಿ, ಬೀದಿನಾಯಿ ಎಂಬ ಭೇದವಿಲ್ಲದೆ ಬಲೆ ಹಿಡಿದು ಊರೂರು ಸುತ್ತಿ ಲಸಿಕೆ ಹಾಕಿದರು. ಜೊತೆಗೆ ಶಾಲೆಗಳಲ್ಲಿ ಮಕ್ಕಳಿಗೆ ತಿಳಿವಳಿಕೆ ಕೊಟ್ಟರು. 2018, 2019ರಲ್ಲಿ ಅಲ್ಲಿ ಈ ರೋಗದಿಂದ ಒಬ್ಬರೂ ಸಾಯಲಿಲ್ಲ. 2021ರಲ್ಲಿ ಗೋವೆಯನ್ನು ರೋಗ ನಿಯಂತ್ರಿತ ಪ್ರದೇಶವೆಂದು ಅಲ್ಲಿಯ ಸರಕಾರ ಘೋಷಿಸಿತು. ನಮ್ಮದೇ ಕರಾವಳಿಯ ಇನ್ನೊಂದು ತುದಿಯಲ್ಲಿ ಆದದ್ದು ನಮ್ಮ ಕಾಸರಗೋಡಿನಲ್ಲಿ ಯಾಕಾಗಬಾರದು?

"ಮದ್ದು ಯಾಕೆ, ಕೊಂದುಬಿಟ್ಟರೆ ಆಯಿತಲ್ಲ" ಎನ್ನುವವರಿದ್ದಾರೆ. ಅವರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ನೆರೆಯ ಕಣ್ಣೂರು ಜಿಲ್ಲೆಯಲ್ಲಿ 2023ರ ಜೂನ್ ತಿಂಗಳಲ್ಲಿ ಬಾಲಕನೊಬ್ಬ ನಾಯಿಗಳ ದಾಳಿಗೆ ಬಲಿಯಾದನು. ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರ ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ಲಸಿಕೆಯಾದ ನಾಯಿಗಳನ್ನು ಕೊಂದರೆ, ತೆರವಾದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ. ಬೇಲಿಯನ್ನು ಕಿತ್ತು ಗದ್ದೆ ಕಾಯಲು ಹೊರಟಂತೆ ಅದು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಜೊತೆಯಾಗಿ ನಡೆಯಬೇಕೆಂದು 2023ರ ಕೇಂದ್ರ ನಿಯಮಗಳೂ ಹೇಳುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಆಶ್ರಯಧಾಮದಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆದೇಶಿಸಿತು. ಶಾಲೆಯ ಆವರಣ ಭದ್ರವಾಗಬೇಕು, ನಿಜ. ಆದರೆ ಮಕ್ಕಳು ನಡೆಯುವ ದಾರಿ ಗೇಟಿನ ಹೊರಗೂ ಇದೆಯಲ್ಲವೇ?

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬೀದಿನಾಯಿ ಆಕಾಶದಿಂದ ಉದುರಿದ್ದಲ್ಲ. ಮನೆಯ ನಾಯಿ ಮರಿ ಹಾಕಿದರೆ ಗಂಡುಮರಿಗಳನ್ನು ನೆಂಟರಿಷ್ಟರು ಒಯ್ಯುತ್ತಾರೆ. ಹೆಣ್ಣುಮರಿಗಳು ಗೋಣಿಚೀಲದಲ್ಲಿ ಸಂತೆಯ ಬದಿಗೋ ಶಾಲೆಯ ಹಿತ್ತಿಲಿಗೋ ಹೋಗುತ್ತವೆ. ಆ ಮರಿಗಳಲ್ಲಿ ಅನೇಕವು ರಕ್ತಭೇದಿಯ ಪಾರ್ವೋ ರೋಗಕ್ಕೋ ಡಿಸ್ಟೆಂಪರ್ ರೋಗಕ್ಕೋ ತುತ್ತಾಗುತ್ತವೆ. ಉಳಿದವು ವರ್ಷ ತುಂಬುವುದರೊಳಗೆ ತಾವೇ ಮರಿ ಹಾಕುತ್ತವೆ. ಒಂದು ಹೆಣ್ಣುನಾಯಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರೆ ಇಷ್ಟು ಪ್ರಾಣಿಗಳ ಗೋಳು ತಪ್ಪುತ್ತದೆ.

ಹಾಗಾದರೆ ನಮ್ಮಿಂದ ಆಗಬೇಕಾದದ್ದೇನು? ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೋ, ಡಿಸ್ಟೆಂಪರ್ ರೋಗಗಳ ಲಸಿಕೆ ಆರಂಭಿಸಿ, ನಾಲ್ಕು ತಿಂಗಳಾಗುವವರೆಗೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಮೂರು ತಿಂಗಳು ತುಂಬಿದಾಗ ಹುಚ್ಚುರೋಗದ ಲಸಿಕೆ. ಅನಂತರ ವರ್ಷಕ್ಕೊಮ್ಮೆ ತಪ್ಪಬಾರದು. ಕೇರಳದ 1998ರ ಪಂಚಾಯತು ನಿಯಮದಂತೆ ನಾಯಿ ಸಾಕಲು ಪರವಾನಗಿ ಬೇಕು, ಪರವಾನಗಿಗೆ ಲಸಿಕೆ ಹಾಕಿಸಿದ ಪತ್ರ ಬೇಕು. ದಾರಿಯಲ್ಲಿ ಸಿಕ್ಕ ಮರಿಯನ್ನು ಮನೆಗೆ ತಂದರೆ ಎರಡು ವಾರ ಬೇರೆ ನಾಯಿಗಳಿಂದ ದೂರವಿಟ್ಟು, ಮೃಗಾಸ್ಪತ್ರೆಗೆ ತೋರಿಸಬೇಕು. ಪಾರ್ವೋ ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸತ್ತ ಮರಿಯ ಜಾಗಕ್ಕೆ ಲಸಿಕೆಯಿಲ್ಲದ ಹೊಸ ಮರಿಯನ್ನು ಕೂಡಲೇ ತರಬಾರದು.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಗಾಯಗೊಂಡ ನಾಯಿಯನ್ನು ಕಂಡು ಮರುಗುವುದು ಒಳ್ಳೆಯ ಗುಣ. ಬರಿಗೈಯಿಂದ ಮುಟ್ಟುವುದು ಜಾಣತನವಲ್ಲ. ಜೊಲ್ಲು ಸುರಿಸುವ, ಹಿಂಗಾಲು ಎಳೆಯುವ, ದನಿ ಬದಲಾದ, ಕಂಡದ್ದನ್ನೆಲ್ಲ ಕಚ್ಚುವ ನಾಯಿಯ ಹತ್ತಿರ ಹೋಗದೆ ಹಿರಿಯರಿಗೆ ಹೇಳಿರಿ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿರಿ. ಗಾಯ ಆಳವಾಗಿದ್ದರೆ, ಮುಖ ಕೈಗಳ ಮೇಲಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೇ ಹಾಕುವ ಇನ್ನೊಂದು ಮದ್ದೂ ಬೇಕಾಗುತ್ತದೆ. ಕೊಟ್ಟ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ನಾಯಿಯನ್ನು ಕೆಣಕಲು ಹೋದೆಯೆಂದು ಹೊಡೆತ ತಿನ್ನುವ ಭಯದಿಂದ ಎಷ್ಟೋ ಮಕ್ಕಳು ಕಚ್ಚಿದ ಗಾಯವನ್ನು ಬಟ್ಟೆಯ ಅಡಿಯಲ್ಲಿ ಮುಚ್ಚಿಡುತ್ತಾರೆ. ಮಗು ಬಂದು ಹೇಳಿದರೆ ಬೈಯಬೇಡಿರಿ, ಮೊದಲು ಗಾಯ ತೊಳೆಯಿರಿ. ಹಾಗೆಯೇ ಹಟ್ಟಿಯಲ್ಲಿ ದನ ಮೇವು ಬಿಟ್ಟು ಜೊಲ್ಲು ಸುರಿಸಿದರೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿರಿ. ಹುಚ್ಚುನಾಯಿ ಕಚ್ಚಿದ ದನವೂ ಹಾಗೆಯೇ ಕಾಣುತ್ತದೆ. ಪಶುವೈದ್ಯರನ್ನು ಕರೆಯಿರಿ.

ಕೆಲಸ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆಯುಂಟು. ಮನೆಯವರು ಪಂಚಾಯತಿಗೆ, ಪಂಚಾಯತು ಇಲಾಖೆಗೆ, ಇಲಾಖೆ ಇನ್ನೊಂದು ಇಲಾಖೆಗೆ ಹೇಳುತ್ತಾ ಕುಳಿತರೆ ಈ ಗಾದೆ ನಾಯಿಗಿಂತ ಮನುಷ್ಯರಿಗೇ ಹೆಚ್ಚು ಒಪ್ಪುತ್ತದೆ. ಪಂಚಾಯತು ತನ್ನ ಕೆಲಸ ಮಾಡಲಿ. ಮಾಡದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಅಷ್ಟರಲ್ಲಿ ನಮ್ಮ ನಮ್ಮ ಅಂಗಳದ ನಾಯಿಯನ್ನು ಮೃಗಾಸ್ಪತ್ರೆಗೆ ಕರೆದೊಯ್ಯಲು ಯಾರ ಅಪ್ಪಣೆ ಬೇಕು? ಬರುವ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದು ನಾಯಿಗೆ ಲಸಿಕೆ ಹಾಕಿಸಿದ್ದಾನೆ, ಹಾಕಿಸಿದ್ದಾಳೆ ಎಂದಾದರೆ, ನಮ್ಮ ಶಾಲೆಗೆ ಬರುವ ದಾರಿ ಅಷ್ಟರಮಟ್ಟಿಗೆ ನಿರ್ಭಯವಾಯಿತೆಂದು ತಿಳಿಯೋಣ.