ಏರ್‌ಗನ್ನಿಗೆ ಬೇಕಾದ್ದು ಬಲ ಅಲ್ಲ, ಹದ

ಕಳೆದ ತಿಂಗಳು ಪಕ್ಕದ ತೋಟದ ಹುಡುಗ ಏರ್‌ಗನ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದ. "ಮಾವ, ಇದಕ್ಕೊಂದು ಗಟ್ಟಿ ಸ್ಪ್ರಿಂಗ್ ಹಾಕಿ ಕೊಡಬೇಕು. ಈಗ ತಾಗಿದರೂ ಮಂಗ ಮೈ ಕೆರೆದುಕೊಂಡು ಹೋಗ್ತದೆ ಅಷ್ಟೆ" ಅಂದ. ನಮ್ಮ ಊರಲ್ಲಿ ಏರ್‌ಗನ್ ಬಿಚ್ಚಿ ಜೋಡಿಸುವ ಹುಚ್ಚು ಇರುವುದು ನನಗೊಬ್ಬನಿಗೆ. ಹಾಗಾಗಿ ಬಂದದ್ದು. ಆಗುವುದಿಲ್ಲ ಅಂದೆ. ಹುಡುಗನಿಗೆ ಬೇಜಾರಾಯಿತು. ಕಾರಣ ಬಾಯಲ್ಲಿ ಹೇಳಿದೆ, ಅವನ ತಲೆಗೆ ಹೋದ ಹಾಗೆ ಕಾಣಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಮನೆಗೂ ಈ ಪತ್ರಿಕೆ ಬರುತ್ತದೆ.

ಯಾಕೆ ಎಲ್ಲರ ಮನೆಯಲ್ಲೂ ಏರ್‌ಗನ್?

ನನ್ನದು 2.5 ಎಕರೆ ಅಡಿಕೆ ತೋಟ. ನಡುವೆ 50 ತೆಂಗು, ಒಂದಿಷ್ಟು ಬಾಳೆ, ಕೊಕ್ಕೊ. ಬೆನ್ನಿಗೇ ಕಾಡು. ಮಂಗಗಳು ಬಂದರೆ ಏನಾಗುತ್ತದೆ ಎಂದು ಈ ಓದುಗರಿಗೆ ಹೇಳಬೇಕಾಗಿಲ್ಲ. ಎಳೆ ಬೊಂಡ ಕಿತ್ತು, ಒಂದು ಕಚ್ಚು ಕಚ್ಚಿ ಬಿಸಾಡುವುದನ್ನು ಕೆಳಗೆ ನಿಂತು ನೋಡಿದವನಿಗೆ ಮಾತ್ರ ಆ ಸಂಕಟ ಗೊತ್ತು. ಪರವಾನಗಿ ಕೋವಿ ಇದ್ದವರಿಗೂ ನೆಮ್ಮದಿ ಇಲ್ಲ. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸಬೇಕು. ಏರ್‌ಗನ್ನಿಗೆ ಈ ರಗಳೆ ಇಲ್ಲ. ಅಂಗಡಿಯಿಂದ ತಂದರಾಯಿತು.

ನಾನು 2011ರಲ್ಲಿ ತಂದೆ. ನಳಿಗೆ ಮಡಚಿ ಚಾರ್ಜ್ ಮಾಡುವ ಸ್ಪ್ರಿಂಗಿನ ಜಾತಿಯದ್ದು. ಒಳಗೆ ಒಂದು ಪಿಸ್ಟನ್ ಉಂಟು. ನಳಿಗೆ ಮಡಚಿದಾಗ ಅದು ಸ್ಪ್ರಿಂಗನ್ನು ಒತ್ತಿ ಹಿಂದೆ ಹೋಗಿ ಕುಳಿತುಕೊಳ್ಳುತ್ತದೆ. ಕುದುರೆ ಎಳೆದಾಗ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಸೀಸದ ಗುಂಡನ್ನು ತಳ್ಳುತ್ತದೆ. ಸೈಕಲ್ ಪಂಪಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸ ಇಲ್ಲ.

ಮೊದಮೊದಲು ಮಂಗಗಳು ಓಡಿದವು. ಆಮೇಲೆ ಅವಕ್ಕೆ ಲೆಕ್ಕ ಸಿಕ್ಕಿತು. ಕೋಲು ಹಿಡಿದು ಹೋದರೆ ಹೆದರುವುದಿಲ್ಲ, ಏರ್‌ಗನ್ ಹಿಡಿದು ಹೋದರೆ ದೂರದ ಮರಕ್ಕೆ ಹಾರಿ ಕೂರುತ್ತವೆ. ನಾನು ಊಟಕ್ಕೆ ಕೂತಾಗ ತೋಟಕ್ಕೆ ಇಳಿಯುತ್ತವೆ. ಆಗ ನನಗೂ ಆ ಹುಡುಗನಿಗೆ ಬಂದ ಯೋಚನೆಯೇ ಬಂತು: ಇದರ ಬಲ ಸಾಲದು.

ತೆಂಗಿನೆಣ್ಣೆಯ ಪ್ರಯೋಗ

ಒಮ್ಮೆ ಪಿಸ್ಟನ್ ಬಿಗಿಯಾಯಿತೆಂದು ನಾಲ್ಕು ತೊಟ್ಟು ತೆಂಗಿನೆಣ್ಣೆ ಬಿಟ್ಟೆ. ಮರುದಿನ ಹೊಡೆದರೆ ಪಟಾಕಿಯಂಥ ಸದ್ದು, ನಳಿಗೆಯ ಬಾಯಲ್ಲಿ ಹೊಗೆ! ಬಲ ಹೆಚ್ಚಾಯಿತೆಂದು ಖುಷಿಪಟ್ಟೆ. ನಿಜ ಸಂಗತಿ ಬೇರೆ. ಡೀಸೆಲ್ ಪಂಪಿನಲ್ಲಿ ಬೆಂಕಿಕಡ್ಡಿ ಗೀರುವವರಿಲ್ಲ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಇಲ್ಲೂ ಆದದ್ದು ಅದೇ. ಸ್ಫೋಟದ ಹೊಡೆತಕ್ಕೆ ಪಿಸ್ಟನ್ನಿನ ವಾಷರ್ ಸುಟ್ಟಿತು, ಸ್ಪ್ರಿಂಗ್ ಸೊಟ್ಟಗಾಯಿತು.

ಹೇಗೂ ಸ್ಪ್ರಿಂಗ್ ಹೋಯಿತಲ್ಲ, ಹೊಸದನ್ನು ಗಟ್ಟಿಯದ್ದೇ ಹಾಕುವ ಅಂದುಕೊಂಡೆ. ಹಾಕಿದೆ. ಚಾರ್ಜ್ ಮಾಡಲು ಎರಡೂ ಕೈ ಬೇಕಾಯಿತು. ಡಬ್ಬಿ ಇಟ್ಟು ಹೊಡೆದರೆ ಎರಡೂ ಬದಿ ತೂತು. ಊರವರಿಗೆಲ್ಲ ಕರೆದು ತೋರಿಸಿದೆ.

ಆದರೆ ಗುರಿ ಹಾಳಾಯಿತು. ಮೊದಲು 15 ಮೀಟರಿನಲ್ಲಿ ಚಿಲ್ಲರೆ ಕಾಸಿನಷ್ಟು ಜಾಗದಲ್ಲಿ ಬೀಳುತ್ತಿದ್ದ ಐದು ಗುಂಡು ಈಗ ಅಂಗೈಯಷ್ಟು ಹರಡಿತು. ಗುಂಡು ನಳಿಗೆ ಬಿಡುವ ಮೊದಲೇ ಪಿಸ್ಟನ್ನಿನ ಕುಲುಕಾಟಕ್ಕೆ ಬಂದೂಕು ಅಲ್ಲಾಡಿಬಿಡುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಕುಲುಕಾಟ ಹೆಚ್ಚು. ವಾರಕ್ಕೊಮ್ಮೆ ತಿರುಪು ಸಡಿಲ. ಇದೆಲ್ಲ ನನಗೆ ಆಮೇಲೆ ಅರ್ಥವಾದದ್ದು.

ಕಣಜ ಕಚ್ಚಿದ್ದು

2014ರ ಜನವರಿ. ಅಡಿಕೆ ಕೊಯ್ಲಿನ ಸಮಯ. ಜೆಟ್ ಪೈಪಿನ ಪಕ್ಕದ ಬಾಳೆಯಲ್ಲಿ ಒಂದು ಮಂಗ ಕೂತಿತ್ತು. ಹೊಡೆದೆ. ಮಂಗನಿಗೆ ತಾಗಲಿಲ್ಲ. 'ಟಣ್' ಅಂತ ಕಬ್ಬಿಣದ ಪೈಪಿಗೆ ಬಡಿಯಿತು. ಅದರ ಬೆನ್ನಿಗೇ ಓರೆಯಲ್ಲಿ, ನಾಲ್ಕು ಸಾಲು ಆಚೆಯಿಂದ, "ಅಯ್ಯಮ್ಮಾ" ಎಂಬ ಕೂಗು.

ಉದುರಿದ ಅಡಿಕೆ ಹೆಕ್ಕುತ್ತಿದ್ದ ನಮ್ಮ ಆಳು ಮುಖ ಮುಚ್ಚಿಕೊಂಡು ಕೂತಿದ್ದ. ಬೆರಳುಗಳ ಎಡೆಯಿಂದ ರಕ್ತ. ನನ್ನ ಕೈಕಾಲು ತಣ್ಣಗಾಯಿತು. ಕೈ ಸರಿಸಿ ನೋಡಿದರೆ ಗಾಯ ಹುಬ್ಬಿನ ಮೇಲೆ. ಅರ್ಧ ಇಂಚು ಕೆಳಗೆ ಆಗಿದ್ದರೆ ಕಣ್ಣು. ಅವನು ಅಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಮಂಗನನ್ನು ಕಂಡ ಕೂಡಲೇ ಮರೆತೆ.

ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು "ಕಣಜ ಕಚ್ಚಿತು, ಓಡುವಾಗ ಬಿದ್ದೆ" ಅಂದ. ನಾನು ಸುಮ್ಮನೆ ನಿಂತೆ. ಮೂರು ಹೊಲಿಗೆ. ಅವನ ಮನೆಯಲ್ಲೂ ಅವನು ಹಾಗೇ ಹೇಳಿದನಂತೆ. ನನ್ನನ್ನು ಉಳಿಸಲು ಹೇಳಿದನೋ, ಕೆಲಸ ಹೋದೀತೆಂದು ಹೆದರಿ ಹೇಳಿದನೋ, ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ಅವನು ಈಗಲೂ ನಮ್ಮಲ್ಲಿಗೇ ಬರುತ್ತಾನೆ. ಹುಬ್ಬಿನ ಮೇಲೆ ಗೆರೆ ಹಾಗೇ ಇದೆ. ಸತ್ಯ ಹೇಳಬೇಕಾಗಿದ್ದವನು ನಾನು. ಹತ್ತು ವರ್ಷ ಮೀರಿದ ಮೇಲೆ ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ.

ಲೆಕ್ಕ ಮತ್ತು ಕಾನೂನು

ಏರ್‌ಗನ್ ಅಂದರೆ ಮಕ್ಕಳ ಆಟಿಕೆ ಎಂಬ ತಾತ್ಸಾರ ನಮ್ಮಲ್ಲುಂಟು. ಲೆಕ್ಕ ನೋಡಿ. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 8 ಜೂಲ್. ವೇಗ 283 ಮೀಟರಿಗೆ ಏರಿದರೆ 20 ಜೂಲ್. ವೇಗ ಒಂದೂವರೆ ಪಟ್ಟು, ಶಕ್ತಿ ಎರಡೂವರೆ ಪಟ್ಟು. 20 ಜೂಲ್ ಅಂದರೆ 2 ಕಿಲೋ ಭಾರವನ್ನು 1 ಮೀಟರ್ ಎತ್ತುವಷ್ಟು. ಅದೆಲ್ಲ 4.5 ಮಿ.ಮೀ. ಅಗಲದ ತುದಿಯಲ್ಲಿ!

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್ ಒಳಗಿನ ಏರ್‌ರೈಫಲಿಗೆ ಮಾತ್ರ ಪರವಾನಗಿ ಬೇಡ. ಗಟ್ಟಿ ಸ್ಪ್ರಿಂಗ್ ಹಾಕಿ ಆ ಗೆರೆ ದಾಟಿಸಿದರೆ ನಿಮ್ಮ ಕೈಯಲ್ಲಿರುವುದು ಪರವಾನಗಿ ಇಲ್ಲದ ಆಯುಧ. ಅಂಗಡಿಯ ಬಿಲ್ಲು ಆಗ ಕಾಪಾಡುವುದಿಲ್ಲ.

ಇನ್ನು ಮಂಗ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ನಮ್ಮೂರಿನ ಮಂಗ ಮೊದಲನೇ ಅನುಸೂಚಿಯಲ್ಲಿದೆ. ನವಿಲು ಮೊದಲೇ ಇತ್ತು. ಕೊಂದರೆ ಕನಿಷ್ಠ 3 ವರ್ಷ ಜೈಲು. ಈ ಕಾನೂನು ಕೃಷಿಕನ ಕಷ್ಟ ನೋಡಿಲ್ಲ ಎಂಬ ಸಿಟ್ಟು ನನಗೂ ಉಂಟು. ಆದರೆ ಏರ್‌ಗನ್ನಿನ ಗುಂಡಿಗೆ ಮಂಗ ಅಲ್ಲೇ ಸಾಯುವುದು ಅಪರೂಪ. ಗುಂಡು ಒಳಗೆ ಕೂತು, ಗಾಯ ಕೀವಾಗಿ, ದಿನಗಟ್ಟಲೆ ನರಳಿ ಎಲ್ಲೋ ಸಾಯುತ್ತದೆ. ಉಳಿದ ಹಿಂಡು ಮರುದಿನ ಬರುತ್ತದೆ. ಬೊಂಡವೂ ಉಳಿಯಲಿಲ್ಲ, ಪುಣ್ಯವೂ ಬರಲಿಲ್ಲ.

ಹದ ಮಾಡುವುದರಲ್ಲಿ ಸುಖ ಇದೆ

ಆ ಗಾಯದ ನಂತರ ಬಂದೂಕನ್ನು ಕೆರೆಗೆ ಎಸೆಯುವ ಅಂದುಕೊಂಡಿದ್ದೆ. ಎಸೆಯಲಿಲ್ಲ. ಗಟ್ಟಿ ಸ್ಪ್ರಿಂಗ್ ತೆಗೆದು ಮೊದಲಿನ ಅಳತೆಯದ್ದೇ ಹಾಕಿದೆ. ಆಮೇಲೆ ಶುರುವಾದದ್ದು ನಿಜವಾದ ಹವ್ಯಾಸ.

ಸ್ಪ್ರಿಂಗಿನ ತುದಿಗಳನ್ನು ಅರಗೊರಳಿನಲ್ಲಿ ನಯ ಮಾಡಿದೆ. ಒಳಗೆ ಕೈಗೆ ತಾಗುವ ಚೂಪು ಅಂಚುಗಳನ್ನೆಲ್ಲ ತೆಗೆದೆ. ಎಣ್ಣೆ ಬಿಡುವುದನ್ನು ನಿಲ್ಲಿಸಿ ಮಾಲಿಬ್ಡಿನಮ್ ಗ್ರೀಸನ್ನು ತೆಳ್ಳಗೆ ಸವರಿದೆ. ಸ್ಪ್ರಿಂಗಿನ ಒಳಗಿನ ದಾರಿಕಡ್ಡಿ ಸಡಿಲ ಇತ್ತು, ಸರಿಯಾದ ದಪ್ಪದ್ದು ಲೇತಿನಲ್ಲಿ ಮಾಡಿಸಿದೆ. 'ಟೊಂಯ್' ಎನ್ನುತ್ತಿದ್ದ ಸದ್ದು ನಿಂತಿತು. ವೇಗ ಏನೂ ಹೆಚ್ಚಾಗಲಿಲ್ಲ, ಗುಂಡುಗಳು ಮತ್ತೆ ಒಂದೇ ಕಡೆ ಬೀಳತೊಡಗಿದವು. ನಾಲ್ಕೈದು ಬಗೆಯ ಗುಂಡು ತಂದು ನಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಎಂದು ನೋಡಿದೆ. ಹಿಡಿಯುವ ಕ್ರಮವೂ ಬದಲಾಯಿತು. ಇದನ್ನು ಹಾರೆ ಹಿಡಿದ ಹಾಗೆ ಬಿಗಿಯಬಾರದು. ಹಾಲು ತುಂಬಿದ ಚೊಂಬು ಹಿಡಿದ ಹಾಗೆ ಹಗುರ ಹಿಡಿಯಬೇಕು.

ಬಿಚ್ಚುವವರಿಗೆ ಎಚ್ಚರಿಕೆ. ಒಳಗಿನ ಸ್ಪ್ರಿಂಗ್ ಯಾವಾಗಲೂ ಒತ್ತಿಕೊಂಡೇ ಇರುತ್ತದೆ. ಕ್ಲಾಂಪಿನಲ್ಲಿ ಹಿಡಿಯದೆ ಪಿನ್ ತೆಗೆದರೆ ಮುಖಕ್ಕೆ ಹಾರುತ್ತದೆ. ಗುಂಡಿಲ್ಲದೆ ಖಾಲಿ ಹೊಡೆಯಬೇಡಿ, ಪಿಸ್ಟನ್ ಬಡಿದು ಹಾಳಾಗುತ್ತದೆ.

ನನ್ನ ಗುರಿ ಈಗ ಕಾಗದ. ಹಿತ್ತಿಲ ಬರೆಯ ಎದುರು, ಹಳೇ ಚೀಲಗಳಿಗೆ ಮರಳು ತುಂಬಿಸಿ ಇಟ್ಟಿದ್ದೇನೆ. ಸೀಸ ಅದರಲ್ಲೇ ಉಳಿಯುತ್ತದೆ, ಹಿಂದೆ ಹಾರುವುದಿಲ್ಲ. ದೂರ 10 ಮೀಟರ್. ಒಲಿಂಪಿಕ್ಸಿನಲ್ಲೂ ದೂರ ಅಷ್ಟೇ. ಅಲ್ಲಿನ ಏರ್‌ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ.; ಗುಂಡೇ ಅದಕ್ಕಿಂತ ಒಂಬತ್ತು ಪಟ್ಟು ದಪ್ಪ! 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ತಂದದ್ದು ಈ 10 ಮೀಟರಿನಲ್ಲೇ. ಆ ರೈಫಲುಗಳ ಶಕ್ತಿ ನಮ್ಮ ಕಾನೂನಿನ ಮಿತಿಯ ಅರ್ಧವೂ ಇಲ್ಲ.

ಹಾಗಾದರೆ ಮಂಗನಿಗೇನು ಮದ್ದು?

ಈ ಪ್ರಶ್ನೆ ಬಂದೇ ಬರುತ್ತದೆ. ನನ್ನಲ್ಲಿ ಮದ್ದಿಲ್ಲ. ನಾಯಿ ಸಾಕಿದ್ದೇನೆ, ಬೊಬ್ಬೆ ಹಾಕುತ್ತೇನೆ, ಸೀಯಾಳ ಸ್ವಲ್ಪ ಬೇಗ ಇಳಿಸುತ್ತೇನೆ. ನಷ್ಟ ಆಗುತ್ತಲೇ ಇದೆ. ಪರಿಹಾರಕ್ಕಾಗಿ ನಾವು ಸೇರಿ ಸರಕಾರವನ್ನು ಕೇಳಬೇಕು, ಪಂಚಾಯತಿನಲ್ಲಿ ನಿರ್ಣಯ ಮಾಡಿಸಬೇಕು. ಅದು ನಿಧಾನದ ದಾರಿ. ಆದರೆ ಆ ಸಿಟ್ಟನ್ನು ಏರ್‌ಗನ್ನಿನ ಒಳಗೆ ತುಂಬಿಸಿದರೆ ಅದು ಯಾರ ಹುಬ್ಬಿಗೆ ಬಡಿಯುತ್ತದೆ ಎಂದು ಹೇಳಲಿಕ್ಕಾಗದು. ನಮ್ಮ ತೋಟಗಳಲ್ಲಿ ಯಾವ ಸಾಲಿನಲ್ಲಿ ಯಾರಿದ್ದಾರೆಂದು ಕಾಣುವುದೇ ಇಲ್ಲ.

ಆ ಹುಡುಗನಿಗೆ ನನ್ನದೊಂದು ಮಾತು. ಭಾನುವಾರ ಸಂಜೆ ಬಂದೂಕು ತಾ. ಬಿಚ್ಚುವುದು, ನಯ ಮಾಡುವುದು, ಜೋಡಿಸುವುದು ಕಲಿಸುತ್ತೇನೆ. ಕಾಗದಕ್ಕೆ ಹೊಡೆಯುವ. ಗಟ್ಟಿ ಸ್ಪ್ರಿಂಗ್ ಮಾತ್ರ ಕೇಳಬೇಡ. ನನ್ನದು ತುಕ್ಕು ಹಿಡಿದು ಜಗಲಿಯ ಮೊಳೆಯಲ್ಲಿ ನೇತಾಡುತ್ತಿದೆ. ಬಂದಾಗ ತೋರಿಸುತ್ತೇನೆ.